ಜಲಸಸ್ಯಗಳಿರುವ ಸಿಹಿನೀರಿನ ಅಕ್ವೇರಿಯಂಗಳಲ್ಲಿ ಬಸವನಹುಳುಗಳ ನಿಯಂತ್ರಣ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮನೆ, ಶಾಲೆ ಹಾಗೂ ಅಂಗಡಿಗಳಲ್ಲಿ ಜಲಸಸ್ಯಗಳನ್ನು ನೆಟ್ಟು ಅಲಂಕಾರಿಕ ಮೀನುಗಳನ್ನು ಸಾಕುವವರು ಎದುರಿಸುವ ಸಾಮಾನ್ಯ ತೊಂದರೆಗಳಲ್ಲಿ ಬಸವನಹುಳುಗಳ ಅತಿಯಾದ ವೃದ್ಧಿಯೂ ಒಂದಾಗಿದೆ. ತುಮಕೂರು ತಾಲ್ಲೂಕಿನ ಕೋರ ಹೋಬಳಿ, ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ಭಾಗಗಳಲ್ಲಿ ಅಕ್ವೇರಿಯಂ ಇಟ್ಟುಕೊಂಡಿರುವವರು ಮತ್ತು ಮನೆಯಂಗಳದಲ್ಲಿ ಅಲಂಕಾರಿಕ ಮೀನು ಸಾಕಣೆ ಕೈಗೊಳ್ಳಲು ಬಯಸುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಬಸವನಹುಳುಗಳನ್ನು ಕೊಲ್ಲಲು ತೊಟ್ಟಿಗೆ ಔಷಧ ಸುರಿಯುವುದು ಮತ್ತು ಬೇಡವಾದ ಹುಳುಗಳನ್ನು ಗಿಡಗಳೊಡನೆ ಕೆರೆಗೆ ಎಸೆಯುವುದು, ಇವೆರಡೂ ಮೂಲ ತೊಂದರೆಗಿಂತ ಹೆಚ್ಚಿನ ಹಾನಿಯನ್ನು ಉಂಟುಮಾಡುತ್ತವೆ. ಆದುದರಿಂದ ಕ್ರಮ ಕೈಗೊಳ್ಳುವ ಮೊದಲು ಈ ಪುಟವನ್ನು ಪೂರ್ಣವಾಗಿ ಓದತಕ್ಕದ್ದು.

2. ಬಸವನಹುಳುಗಳು ತೊಟ್ಟಿಗೆ ಬರುವ ಬಗೆ

ಬಹುಪಾಲು ಸಂದರ್ಭಗಳಲ್ಲಿ ಇವು ಹೊಸ ಗಿಡಗಳೊಡನೆ ಬರುತ್ತವೆ. ಎಲೆಯ ಅಡಿಯಲ್ಲಿ ಅಂಟಿರುವ ಪಾರದರ್ಶಕವಾದ ಲೋಳೆಯಂತಹ ಮೊಟ್ಟೆಗಳ ಗುಂಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕೆರೆ ಕಾಲುವೆಗಳಿಂದ ಕಿತ್ತು ತಂದ ಹೈಡ್ರಿಲ್ಲ, ವ್ಯಾಲಿಸ್ನೇರಿಯ ಮೊದಲಾದ ಗಿಡಗಳು, ಬೇರೊಂದು ತೊಟ್ಟಿಯ ಜಲ್ಲಿ, ಬಲೆ, ಸ್ಪಂಜು ಹಾಗೂ ಮೀನಿನ ಜೊತೆಗೆ ಬಂದ ಚೀಲದ ನೀರು ಇವುಗಳಿಂದಲೂ ಹುಳುಗಳು ಸೇರುತ್ತವೆ.

3. ಸಾಮಾನ್ಯವಾಗಿ ಕಂಡುಬರುವ ಬಗೆಗಳು

ನಿಯಂತ್ರಣದ ವಿಧಾನವು ಹುಳುವಿನ ಬಗೆಯನ್ನು ಅವಲಂಬಿಸಿರುವುದರಿಂದ ಮೊದಲು ಅದನ್ನು ಗುರುತಿಸುವುದು ಅಗತ್ಯ.

(ಅ) ಚಪ್ಪಟೆ ಸುರುಳಿಯ ಹುಳು: ಚಿಪ್ಪು ಸುತ್ತಿಟ್ಟ ಹಗ್ಗದಂತೆ ಚಪ್ಪಟೆಯಾಗಿರುತ್ತದೆ. ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿರುವ ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್ ಈ ಗುಂಪಿಗೆ ಸೇರಿದೆ. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುತ್ತವೆ.

(ಆ) ಗುಳ್ಳೆಯಾಕಾರದ ಸಣ್ಣ ಹುಳು (ಫೈಸೆಲ್ಲ): ಚಿಪ್ಪು ತೆಳುವಾಗಿದ್ದು, ತುದಿಯನ್ನು ಮೇಲೆ ಮಾಡಿ ಹಿಡಿದಾಗ ಬಾಯಿ ಎಡಭಾಗಕ್ಕೆ ಬರುತ್ತದೆ. ಒಂದೇ ಒಂದು ಹುಳುವಿನಿಂದಲೂ ಸಂತತಿ ಬೆಳೆಯಬಲ್ಲದು.

(ಇ) ಕಹಳೆಯಾಕಾರದ ಹುಳು (ಮೆಲನಾಯ್ಡಿಸ್ ಟ್ಯೂಬರ್‌ಕ್ಯುಲೇಟ): ಚಿಪ್ಪು ಉದ್ದವಾಗಿ ಚೂಪಾಗಿರುತ್ತದೆ. ಹಗಲಿನಲ್ಲಿ ಜಲ್ಲಿಯೊಳಗೆ ಅಡಗಿ ರಾತ್ರಿ ಹೊರಬರುತ್ತದೆ. ಇದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಗಂಡಿನ ನೆರವಿಲ್ಲದೆಯೂ ಹೆಣ್ಣು ಸಂತಾನ ಪಡೆಯುತ್ತದೆ. ಚಿಪ್ಪಿನ ಬಾಯಿಗೆ ಗಟ್ಟಿಯಾದ ಮುಚ್ಚಳವಿರುವುದರಿಂದ ಔಷಧದ್ರಾವಣಗಳಿಗೆ ಸುಲಭವಾಗಿ ಜಗ್ಗುವುದಿಲ್ಲ.

(ಈ) ದೊಡ್ಡ ಸೇಬಿನಾಕಾರದ ಹುಳುಗಳು: ನಮ್ಮ ಕೆರೆ, ಗದ್ದೆಗಳ ಪೈಲಾ ಹಾಗೂ ದಕ್ಷಿಣ ಅಮೆರಿಕ ಮೂಲದ ಪೊಮೇಸಿಯ ಈ ಗುಂಪಿನವು. ಇವು ನೀರಿನ ಮಟ್ಟಕ್ಕಿಂತ ಮೇಲೆ ಮೊಟ್ಟೆಯಿಡುತ್ತವೆ. ಇವುಗಳಲ್ಲಿ ಕೆಲವು ಜೀವಂತ ಗಿಡಗಳನ್ನೇ ತಿನ್ನುತ್ತವೆ.

4. ಸಂಖ್ಯೆ ಹೆಚ್ಚಲು ಕಾರಣ

ಮೊದಲ ಮೂರು ಬಗೆಯ ಹುಳುಗಳ ಮುಖ್ಯ ಆಹಾರವು ಮೀನು ತಿನ್ನದೆ ಉಳಿಸಿದ ಆಹಾರ, ಕೊಳೆತ ಎಲೆ ಹಾಗೂ ಗಾಜಿನ ಮೇಲೆ ಬೆಳೆಯುವ ಪಾಚಿ. ಆಹಾರವಿರುವಷ್ಟು ಕಾಲ ಸಂಖ್ಯೆಯು ಏರುತ್ತಲೇ ಇರುತ್ತದೆ. ಬಯಲುಸೀಮೆಯ ಬೆಚ್ಚನೆಯ ಹವೆಯಲ್ಲಿ ಮೊಟ್ಟೆಗಳು ಸಾಮಾನ್ಯವಾಗಿ 1ರಿಂದ 2 ವಾರಗಳಲ್ಲಿ ಒಡೆಯುತ್ತವೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಚಿಪ್ಪಿನ ಬೆಳವಣಿಗೆಗೆ ಅನುಕೂಲವಾಗಿರುತ್ತದೆ. ಆದುದರಿಂದ ಹುಳುಗಳ ಅತಿವೃದ್ಧಿಯನ್ನು ತೊಟ್ಟಿಯಲ್ಲಿ ಆಹಾರ ಹೆಚ್ಚಾಗಿದೆ ಎಂಬುದರ ಸೂಚನೆಯೆಂದು ತಿಳಿಯಬೇಕು. ಈ ಕಾರಣವನ್ನು ಸರಿಪಡಿಸದೆ ಹುಳುಗಳನ್ನು ಮಾತ್ರ ತೆಗೆದಲ್ಲಿ ಅವು ಮತ್ತೆ ಬೆಳೆಯುತ್ತವೆ.

ಕೆಲವೇ ಹುಳುಗಳಿದ್ದಲ್ಲಿ ಯಾವ ಕ್ರಮವೂ ಅಗತ್ಯವಿಲ್ಲ. ಅವು ಪಾಚಿಯನ್ನು ತಿಂದು ಗಾಜನ್ನು ಶುಚಿಗೊಳಿಸುತ್ತವೆ. ಕಹಳೆಯಾಕಾರದ ಹುಳುಗಳು ಜಲ್ಲಿಯನ್ನು ಸಡಿಲಗೊಳಿಸುತ್ತವೆ.

5. ನಿಯಂತ್ರಣ ಕ್ರಮಗಳು

ಈ ಕೆಳಗಿನ ಕ್ರಮಗಳನ್ನು ಇದೇ ಅನುಕ್ರಮದಲ್ಲಿ ಕೈಗೊಳ್ಳುವುದು ಸೂಕ್ತ.

(1) ಆಹಾರ ಕಡಿತ: ಮೀನುಗಳು 2ರಿಂದ 3 ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನು ಮಾತ್ರ ನೀಡಬೇಕು. ವಾರದಲ್ಲಿ ಒಂದು ದಿನ ಆಹಾರ ನೀಡದಿದ್ದಲ್ಲಿ ಬೆಳೆದ ಆರೋಗ್ಯವಂತ ಮೀನುಗಳಿಗೆ ತೊಂದರೆಯಿಲ್ಲ. ಮನೆಯ ಒಬ್ಬ ಸದಸ್ಯರಿಗೆ ಮಾತ್ರ ಆಹಾರ ಹಾಕುವ ಹೊಣೆ ವಹಿಸಿದಲ್ಲಿ ಎರಡೆರಡು ಬಾರಿ ಹಾಕುವುದು ತಪ್ಪುತ್ತದೆ.

(2) ಶುಚಿತ್ವ: ಹಳದಿಯಾದ ಮತ್ತು ಕೊಳೆತ ಎಲೆಗಳನ್ನು ಕತ್ತರಿಸಿ ತೆಗೆಯಬೇಕು. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ಸೈಫನ್ ಕೊಳವೆಯಿಂದ ಜಲ್ಲಿಯ ಕಸದೊಡನೆ ಹೊರತೆಗೆದು ಹೊಸ ನೀರು ತುಂಬಬೇಕು. ಉದಾಹರಣೆಗೆ, 2 ಅಡಿ ಉದ್ದ, 1 ಅಡಿ ಅಗಲ ಹಾಗೂ 1 ಅಡಿ ಎತ್ತರಕ್ಕೆ ನೀರಿರುವ ತೊಟ್ಟಿಯಲ್ಲಿ ಸುಮಾರು 56 ಲೀಟರ್ ನೀರಿರುತ್ತದೆ. ಇದರಲ್ಲಿ ಸುಮಾರು 14 ಲೀಟರ್ ಬದಲಾಯಿಸಿದರೆ ಸಾಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದಲ್ಲಿ ಅದನ್ನು ನಿವಾರಿಸಿದ ನಂತರವೇ ಬಳಸಬೇಕು.

(3) ಕೈಯಿಂದ ಆರಿಸುವುದು: ದೀಪ ಆರಿಸಿದ ಒಂದೆರಡು ಗಂಟೆಗಳ ನಂತರ ಟಾರ್ಚ್ ಬೆಳಕಿನಲ್ಲಿ ನೋಡಿದಾಗ ಹುಳುಗಳು ಗಾಜಿನ ಮೇಲೆ ಕಾಣಸಿಗುತ್ತವೆ. ಅವುಗಳನ್ನು ಬಲೆಯಿಂದ ತೆಗೆಯಬೇಕು. ಮೊಟ್ಟೆಯ ಲೋಳೆಯನ್ನು ಗಾಜಿನಿಂದ ಕೆರೆದು, ಎಲೆಯ ಮೇಲಿದ್ದಲ್ಲಿ ಆ ಎಲೆಯನ್ನೇ ಕತ್ತರಿಸಿ ಹೊರತೆಗೆಯಬೇಕು.

(4) ತರಕಾರಿಯ ಆಮಿಷ: ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತಣಿಸಿದ ಎಲೆಕೋಸಿನ ಎಲೆ ಅಥವಾ ಸೌತೆಕಾಯಿಯ ಬಿಲ್ಲೆಯನ್ನು ರಾತ್ರಿ ತೊಟ್ಟಿಯ ತಳದಲ್ಲಿಡಬೇಕು. ಬೆಳಿಗ್ಗೆ ದೀಪ ಹಾಕುವ ಮೊದಲು ಅದನ್ನು ಅಂಟಿಕೊಂಡ ಹುಳುಗಳೊಡನೆ ಹೊರತೆಗೆಯಬೇಕು. ಹಗಲಿಡೀ ಬಿಟ್ಟಲ್ಲಿ ಅದೇ ಕೊಳೆತು ಹುಳುಗಳಿಗೆ ಆಹಾರವಾಗುತ್ತದೆ. ತರಕಾರಿಯನ್ನು ಚೆನ್ನಾಗಿ ತೊಳೆದು ಬಳಸತಕ್ಕದ್ದು.

ಈ ನಾಲ್ಕು ಕ್ರಮಗಳನ್ನು ಬಿಡದೆ ಅನುಸರಿಸಿದಲ್ಲಿ ಕೆಲವು ವಾರಗಳಲ್ಲಿ ಸಂಖ್ಯೆಯು ಇಳಿಮುಖವಾಗುತ್ತದೆ. ಒಂದೇ ದಿನದಲ್ಲಿ ಫಲ ನಿರೀಕ್ಷಿಸಬಾರದು.

6. ಹುಳು ತಿನ್ನುವ ಮೀನುಗಳ ಬಗ್ಗೆ

ಬೋಟಿಯ ಜಾತಿಯ ಲೋಚ್ ಮೀನುಗಳು ಬಸವನಹುಳುಗಳನ್ನು ತಿನ್ನುತ್ತವೆ. ಆದರೆ ಇವು ಗುಂಪಿನಲ್ಲಿ ಬಾಳುವ ಮೀನುಗಳಾಗಿದ್ದು ಕನಿಷ್ಠ 5ರಿಂದ 6 ಮೀನುಗಳನ್ನು ಒಟ್ಟಿಗೆ ಇಡಬೇಕಾಗುತ್ತದೆ. ಸಣ್ಣ ತೊಟ್ಟಿಗಳಿಗೆ ಇವು ಸೂಕ್ತವಲ್ಲ.

ಇವುಗಳಲ್ಲಿ ಪಟ್ಟೆಗಳುಳ್ಳ ಬೋಟಿಯ ಸ್ಟ್ರಯೇಟ ಎಂಬ ಮೀನು ಪಶ್ಚಿಮ ಘಟ್ಟಗಳಿಗೆ ಮಾತ್ರ ಸೀಮಿತವಾದುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ತುಂಗಾ ನದಿಯ ಮಾದರಿಗಳಿಂದ ಇದನ್ನು ಮೊದಲಿಗೆ ವರ್ಣಿಸಿದರು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಇದು ಅಪಾಯದಂಚಿನಲ್ಲಿರುವ ಮೀನಾಗಿ ಸೇರಿದೆ. ನಾಲ್ಕು ಹುಳುಗಳ ನಿವಾರಣೆಗಾಗಿ ನದಿಯಿಂದ ಹಿಡಿದು ತಂದ ಇಂತಹ ಮೀನನ್ನು ಕೊಳ್ಳುವುದು ಉಚಿತವಲ್ಲ. ಕೊಳ್ಳಲೇಬೇಕಾದಲ್ಲಿ ಸಾಕಣೆಯಲ್ಲಿ ಮರಿಮಾಡಿಸಿದ ಮೀನೇ ಎಂಬುದನ್ನು ಮಾರಾಟಗಾರರಿಂದ ಖಚಿತಪಡಿಸಿಕೊಳ್ಳಬೇಕು.

ಇತರ ಹುಳುಗಳನ್ನು ತಿನ್ನುವ, ಆಗ್ನೇಯ ಏಷ್ಯಾ ಮೂಲದ ಬಸವನಹುಳುವೊಂದು ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಅದು ಕೂಡ ತೊಟ್ಟಿಯಲ್ಲಿ ಸಂತಾನ ಪಡೆಯುವುದರಿಂದ, ಬಳಸುವವರು ಅದು ಕೆರೆ ಕಾಲುವೆಗಳನ್ನು ಸೇರದಂತೆ ನೋಡಿಕೊಳ್ಳಬೇಕು.

7. ಮೈಲುತುತ್ತ ಬಳಸಬಾರದು

ಗುಬ್ಬಿ, ಕುಣಿಗಲ್ ಮುಂತಾದ ಕಡೆ ಅಡಿಕೆ ಹಾಗೂ ವೀಳ್ಯದೆಲೆ ತೋಟಗಳಿರುವ ಮನೆಗಳಲ್ಲಿ ಬೋರ್ಡೋ ದ್ರಾವಣ ತಯಾರಿಸಲು ಮೈಲುತುತ್ತ ಇರುವುದು ಸಹಜ. ತಾಮ್ರವು ಬಸವನಹುಳುಗಳನ್ನು ಕೊಲ್ಲುತ್ತದೆ ಎಂಬುದು ನಿಜ. ಆದರೆ ಅದೇ ತಾಮ್ರವು ಮೀನು ಮರಿಗಳಿಗೆ, ಸಿಗಡಿಗಳಿಗೆ ಹಾಗೂ ಕೆಲವು ಜಲಸಸ್ಯಗಳಿಗೂ ವಿಷ. ಹುಳುವನ್ನು ಕೊಲ್ಲುವ ಪ್ರಮಾಣಕ್ಕೂ ಮೀನನ್ನು ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ ಅತ್ಯಲ್ಪ. ನೀರು ಗಡಸಾಗಿದ್ದಷ್ಟೂ ತಾಮ್ರದ ತೀಕ್ಷ್ಣತೆ ಕಡಿಮೆ, ಮೆದುವಾಗಿದ್ದಷ್ಟೂ ಹೆಚ್ಚು. ಆದುದರಿಂದ ಒಂದು ತೊಟ್ಟಿಯಲ್ಲಿ ತಾಳಿಕೊಂಡ ಪ್ರಮಾಣವೇ ಇನ್ನೊಂದರಲ್ಲಿ ಮಾರಕವಾಗಬಹುದು. ಇದಲ್ಲದೆ ತಾಮ್ರವು ಜಲ್ಲಿಯಲ್ಲಿ ಉಳಿದು ಮುಂದೆಯೂ ತೊಂದರೆ ಕೊಡಬಹುದು.

ಯಾವುದೇ ಔಷಧದಿಂದ ಹುಳುಗಳೆಲ್ಲ ಒಮ್ಮೆಲೇ ಸತ್ತಲ್ಲಿ, ಅವು ಕೊಳೆತು ನೀರಿನಲ್ಲಿ ಅಮೋನಿಯ ಏರಿ ಮೀನುಗಳು ಸಾಯುತ್ತವೆ. ಔಷಧಕ್ಕೆ ತಾಳಿಕೊಂಡ ಮೀನು ಸಹ ಈ ಎರಡನೆಯ ಕಾರಣದಿಂದ ಸಾಯಬಹುದು. ತೋಟದ ಶಂಖದ ಹುಳುಗಳಿಗಾಗಿ ಬಳಸುವ ಮೆಟಾಲ್ಡಿಹೈಡ್ ಗುಳಿಗೆಗಳನ್ನು ಯಾವ ಕಾರಣಕ್ಕೂ ಅಕ್ವೇರಿಯಂಗೆ ಹಾಕಬಾರದು. ಅವು ನಾಯಿ, ಬೆಕ್ಕುಗಳಿಗೂ ಮಾರಕ.

8. ಹೊಸ ಗಿಡಗಳ ಶುದ್ಧೀಕರಣ

ಹೊಸ ಗಿಡಗಳನ್ನು ಮೊದಲು ಹರಿಯುವ ನೀರಿನಲ್ಲಿ ತೊಳೆದು, ಪ್ರತಿಯೊಂದು ಎಲೆಯ ಅಡಿಭಾಗವನ್ನು ಪರೀಕ್ಷಿಸಬೇಕು. ನಂತರ 4 ಲೀಟರ್ ನೀರಿಗೆ 2 ದೊಡ್ಡ ಚಮಚ ಪಟಿಕದ ಪುಡಿ ಕರಗಿಸಿ, ಆ ದ್ರಾವಣದಲ್ಲಿ 2ರಿಂದ 3 ಗಂಟೆಗಳ ಕಾಲ ಗಿಡಗಳನ್ನು ಮುಳುಗಿಸಿಟ್ಟು, ತಿಳಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಮೃದುವಾದ ಎಲೆಯ ಗಿಡಗಳಾದಲ್ಲಿ ಒಂದು ಕಡ್ಡಿಯನ್ನು ಮೊದಲು ಪರೀಕ್ಷಿಸಿ ನೋಡುವುದು ಲೇಸು.

ಪಟಿಕದ ದ್ರಾವಣದಿಂದ ಎಲ್ಲ ಮೊಟ್ಟೆಗಳೂ ನಾಶವಾಗುವುದಿಲ್ಲ. ಆದುದರಿಂದ ಗಿಡಗಳನ್ನು ಮೀನಿಲ್ಲದ ಬಕೆಟ್ ಅಥವಾ ಗಾಜಿನ ಪಾತ್ರೆಯಲ್ಲಿ ಬೆಳಕಿರುವ ಕಡೆ 3ರಿಂದ 4 ವಾರ ಪ್ರತ್ಯೇಕವಾಗಿಡಬೇಕು. ಉಳಿದ ಮೊಟ್ಟೆಗಳು ಒಡೆದು ಮರಿಗಳು ಕಣ್ಣಿಗೆ ಕಾಣುವಷ್ಟು ಬೆಳೆಯಲು ಈ ಅವಧಿ ಬೇಕಾಗುತ್ತದೆ. ಈ ಅವಧಿಯಲ್ಲಿ ನೀರನ್ನು ಬದಲಾಯಿಸುತ್ತಾ, ಸೊಳ್ಳೆಗಳು ಮೊಟ್ಟೆಯಿಡದಂತೆ ಪಾತ್ರೆಯನ್ನು ತೆಳುಬಟ್ಟೆಯಿಂದ ಮುಚ್ಚತಕ್ಕದ್ದು.

9. ಕೆರೆಯ ಹುಳು ಮನೆಗೆ, ಮನೆಯ ಹುಳು ಕೆರೆಗೆ – ಎರಡೂ ಸಲ್ಲದು

ಕೆರೆಯ ಚಪ್ಪಟೆ ಸುರುಳಿಯ ಹುಳುಗಳು ಜಾನುವಾರುಗಳ ಪರೋಪಜೀವಿಗಳಿಗೆ ಆಶ್ರಯ ನೀಡುತ್ತವೆ. ಭಾರತದಲ್ಲಿ 1933ರಲ್ಲಿ ಮೊದಲಿಗೆ ವರ್ಣಿಸಲಾದ ಷಿಸ್ಟೊಸೋಮ ನೇಸೇಲ್ ಎಂಬ ರಕ್ತಹುಳು ಹಸು, ಎತ್ತುಗಳಲ್ಲಿ ಗೊರಕೆ ರೋಗವನ್ನು ಉಂಟುಮಾಡುತ್ತದೆ. ರೋಗಪೀಡಿತ ಜಾನುವಾರಿನ ಮೂಗಿನ ಸ್ರಾವದೊಡನೆ ಮೊಟ್ಟೆಗಳು ನೀರಿಗೆ ಬೀಳುತ್ತವೆ. ಅಲ್ಲಿ ಹೊರಬಂದ ಮರಿಗಳು ಇಂಡೋಪ್ಲಾನಾರ್ಬಿಸ್ ಹುಳುವನ್ನು ಹೊಕ್ಕು ವೃದ್ಧಿಯಾಗಿ, ಪುನಃ ನೀರಿಗೆ ಬಂದು, ನೀರಿಗಿಳಿದ ಜಾನುವಾರಿನ ಚರ್ಮದ ಮೂಲಕ ಒಳಸೇರುತ್ತವೆ. ಇಂತಹ ಮರಿಗಳು ಮನುಷ್ಯರ ಚರ್ಮವನ್ನು ಹೊಕ್ಕಲ್ಲಿ ತುರಿಕೆ ಮತ್ತು ಗಂಧೆ ಏಳುತ್ತವೆ. ಆದ್ದರಿಂದ ಕೆರೆಯ ಹುಳುಗಳನ್ನು ಮಕ್ಕಳು ಬರಿಗೈಯಲ್ಲಿ ಹಿಡಿದು ಮನೆಗೆ ತರದಂತೆ ತಿಳಿಹೇಳಬೇಕು. ತೊಟ್ಟಿಯಲ್ಲಿ ಕೆಲಸ ಮಾಡಿದ ನಂತರ ಸಾಬೂನಿನಿಂದ ಕೈ ತೊಳೆಯಬೇಕು.

ಇದರಂತೆಯೇ ಅಕ್ವೇರಿಯಂನ ವಿದೇಶೀ ಹುಳು, ಗಿಡ, ಮೀನುಗಳನ್ನು ಕೆರೆಗೆ ಬಿಡಬಾರದು. ನಮ್ಮ ಕೆರೆಗಳು ಸರಣಿಯಲ್ಲಿರುವುದರಿಂದ ಮೇಲಿನ ಕೆರೆ ಕೋಡಿ ಬಿದ್ದಾಗ ನೀರಿನೊಡನೆ ಜೀವಿಗಳೂ ಕೆಳಗಿನ ಕೆರೆಗೆ ಸಾಗುತ್ತವೆ. ಶಿಂಷಾ ನದಿಯ ಪಾತ್ರದಲ್ಲಿ ಬಿಟ್ಟ ಜೀವಿ ಮಾರ್ಕೋನಹಳ್ಳಿ ಜಲಾಶಯದವರೆಗೂ, ಮುಂದೆ ಕಾವೇರಿಗೂ ತಲುಪಬಹುದು. ಪೊಮೇಸಿಯ ಕೆನಾಲಿಕ್ಯುಲೇಟ ಎಂಬ ಹುಳುವನ್ನು ಆಹಾರಕ್ಕೆಂದು 1980ರ ಆಸುಪಾಸಿನಲ್ಲಿ ತೈವಾನ್‌ಗೆ ತರಲಾಯಿತು. ಅದು ಅಲ್ಲಿಂದ ಆಗ್ನೇಯ ಏಷ್ಯಾದ ಇತರ ದೇಶಗಳಿಗೂ ಹರಡಿ ಭತ್ತದ ಗದ್ದೆಗಳ ದೊಡ್ಡ ಪಿಡುಗಾಯಿತು. 2022ರ ತಿದ್ದುಪಡಿಯ ಮೂಲಕ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಲ್ಲಿ, ಆಕ್ರಮಣಕಾರಿ ಅನ್ಯ ಪ್ರಭೇದಗಳ ಆಮದು, ಇಟ್ಟುಕೊಳ್ಳುವಿಕೆ ಹಾಗೂ ಹರಡುವಿಕೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಲಾಗಿದೆ.

10. ಹುಳುಗಳ ವಿಲೇವಾರಿ

ತೆಗೆದ ಹುಳುಗಳನ್ನು ಚರಂಡಿ, ಬಾವಿ, ಕೆರೆಗಳಿಗೆ ಎಸೆಯಬಾರದು. ಅವುಗಳನ್ನು ಕುದಿಯುವ ನೀರಿಗೆ ಹಾಕಿ, ತಣಿದ ನಂತರ ಗುಂಡಿಯಲ್ಲಿ ಹೂಳಬೇಕು ಅಥವಾ ಗೊಬ್ಬರದ ಗುಂಡಿಗೆ ಸೇರಿಸಬೇಕು. ತೊಟ್ಟಿಯಿಂದ ತೆಗೆದ ನೀರನ್ನು, ಅದಕ್ಕೆ ಔಷಧ ಬೆರೆಸಿರದಿದ್ದಲ್ಲಿ, ಹೂವಿನ ಗಿಡಗಳಿಗೆ ಹಾಕಬಹುದು. ಕತ್ತರಿಸಿದ ಜಲಸಸ್ಯಗಳನ್ನು ಬಿಸಿಲಿನಲ್ಲಿ ಪೂರ್ಣ ಒಣಗಿಸಿ ಗೊಬ್ಬರಕ್ಕೆ ಬಳಸಬೇಕು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಲೆಗಳಲ್ಲಿ ತೂತುಗಳಾಗಿವೆ. ಇದಕ್ಕೆ ಬಸವನಹುಳುಗಳೇ ಕಾರಣವೆ?
ಉತ್ತರ: ಎಲ್ಲ ಸಂದರ್ಭಗಳಲ್ಲಿಯೂ ಅಲ್ಲ. ಸಣ್ಣ ಹುಳುಗಳು ಸಾಮಾನ್ಯವಾಗಿ ಸಾಯುತ್ತಿರುವ ಎಲೆಯನ್ನು ತಿನ್ನುತ್ತವೆ. ಪೊಟ್ಯಾಸಿಯಂ ಕೊರತೆಯಿಂದಲೂ ಹಳೆಯ ಎಲೆಗಳಲ್ಲಿ ತೂತುಗಳು ಬೀಳುತ್ತವೆ.

ಪ್ರಶ್ನೆ: ತೊಟ್ಟಿಗೆ ಉಪ್ಪು ಹಾಕಬಹುದೆ?
ಉತ್ತರ: ಹುಳುಗಳನ್ನು ಕೊಲ್ಲುವಷ್ಟು ಉಪ್ಪು ಜಲಸಸ್ಯಗಳನ್ನೂ ಹಾಳುಮಾಡುತ್ತದೆ. ಆದ್ದರಿಂದ ಸೂಕ್ತವಲ್ಲ.

ಪ್ರಶ್ನೆ: ಹುಳುಗಳನ್ನು ಪೂರ್ಣವಾಗಿ ನಿರ್ಮೂಲಗೊಳಿಸಬಹುದೆ?
ಉತ್ತರ: ತೊಟ್ಟಿಯನ್ನು ಬರಿದುಮಾಡಿ, ಜಲ್ಲಿಯನ್ನು ಕುದಿಸಿ, ತೊಟ್ಟಿಯನ್ನು ಒಣಗಿಸಿ, ಶುದ್ಧೀಕರಿಸಿದ ಗಿಡಗಳನ್ನು ಮಾತ್ರ ನೆಟ್ಟಲ್ಲಿ ಸಾಧ್ಯ. ಆದರೆ ಇದು ಮೀನುಗಳಿಗೆ ಹೆಚ್ಚಿನ ಶ್ರಮ ನೀಡುವುದರಿಂದ ಕೊನೆಯ ಉಪಾಯವಾಗಿ ಮಾತ್ರ ಕೈಗೊಳ್ಳಬೇಕು.

12. ಸಲಹೆ ಹಾಗೂ ಸೌಲಭ್ಯ ಬಯಸುವವರಿಗೆ

ಅಲಂಕಾರಿಕ ಮೀನು ಸಾಕಣೆಯ ಬಗ್ಗೆ ಸಲಹೆ ಬಯಸುವವರು ತಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖಾ ಕಚೇರಿಯಲ್ಲಿ ಕಚೇರಿ ವೇಳೆಯಲ್ಲಿ ವಿಚಾರಿಸಬಹುದು. ತೊಟ್ಟಿಯ ಅಳತೆ, ನೀರಿನ ಮೂಲ, ಮೀನು ಹಾಗೂ ಗಿಡಗಳ ಹೆಸರು, ಗಿಡಗಳನ್ನು ತಂದ ದಿನಾಂಕ, ಈಗಾಗಲೇ ಬಳಸಿದ ಔಷಧ ಮತ್ತು ಹುಳುವಿನ ಛಾಯಾಚಿತ್ರ ಇವುಗಳನ್ನು ಸಿದ್ಧವಾಗಿಟ್ಟುಕೊಂಡಲ್ಲಿ ಸರಿಯಾದ ಸಲಹೆ ಪಡೆಯಲು ಅನುಕೂಲವಾಗುತ್ತದೆ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಮನೆಯಂಗಳದ ಅಲಂಕಾರಿಕ ಮೀನು ಸಾಕಣಾ ಘಟಕಗಳನ್ನೂ ಸೇರಿಸಲಾಗಿತ್ತು. ಘಟಕ ವೆಚ್ಚದ ಶೇ. 40ರಷ್ಟು ಸಹಾಯಧನವನ್ನು ಸಾಮಾನ್ಯ ವರ್ಗದವರಿಗೂ, ಶೇ. 60ರಷ್ಟನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೂ ನಿಗದಿಪಡಿಸಲಾಗಿತ್ತು. ಅರ್ಜಿ ಸಲ್ಲಿಸುವ ವರ್ಷದಲ್ಲಿ ಜಾರಿಯಲ್ಲಿರುವ ಯೋಜನೆ ಹಾಗೂ ಷರತ್ತುಗಳನ್ನು ಕಚೇರಿಯಲ್ಲಿ ತಿಳಿದುಕೊಂಡು ನಂತರ ಬಂಡವಾಳ ತೊಡಗಿಸಬೇಕು. ಮಾರಾಟಕ್ಕೆಂದು ಮೀನು ಮತ್ತು ಗಿಡ ಬೆಳೆಸುವವರು ಹುಳುಗಳಿಲ್ಲದ ಗಿಡಗಳನ್ನು ಒದಗಿಸಿದಲ್ಲಿ ಕೊಳ್ಳುವವರ ವಿಶ್ವಾಸ ಉಳಿಯುತ್ತದೆ. ಆದುದರಿಂದ ಮೇಲಿನ 8ನೆಯ ಕ್ರಮವನ್ನು ಘಟಕದ ಮೊದಲ ದಿನದಿಂದಲೇ ಪಾಲಿಸುವುದು ಸೂಕ್ತ.

ಜಾನುವಾರುಗಳಲ್ಲಿ ಗೊರಕೆ ಶಬ್ದ, ಮೂಗಿನಿಂದ ರಕ್ತಮಿಶ್ರಿತ ಸ್ರಾವ ಕಂಡುಬಂದಲ್ಲಿ ಸಮೀಪದ ಪಶು ಆಸ್ಪತ್ರೆಯ ಪಶುವೈದ್ಯರನ್ನು ಸಂಪರ್ಕಿಸತಕ್ಕದ್ದು.