ಹಾಡಿಗೆ ಕರೆಂಟು ಎಲ್ಲಿಂದ?

ಕಾರಿಗೆ ಹೊರಗಿನಿಂದ ಆಂಪ್ಲಿಫೈಯರ್ ಹಾಕಿಸಿದ ಮೇಲೆ ಶುರುವಾಗುವ ಕಾಟಗಳು ಯಾವ ಊರಿನ ಆಟೊ ಎಲೆಕ್ಟ್ರಿಷಿಯನ್ನನಿಗೂ ಬಾಯಿಪಾಠ. ಬಾಸ್ ಬಡಿದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತದೆ. ಆಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರಿನಲ್ಲಿ ಕುಂಯ್ ಎನ್ನುವ ಸದ್ದು ಏರುತ್ತ ಹೋಗುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ತಪ್ಪನ್ನು ಆಂಪಿನ ಮೇಲೋ ಅದನ್ನು ಕೂರಿಸಿದ ಹುಡುಗನ ಮೇಲೋ ಹೊರಿಸಿ ಮಾತು ಮುಗಿಸುವುದು ವಾಡಿಕೆ. ಕಾರಿನೊಳಗೆ ಸಂಗೀತ ಬಂದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಕಾರಿನ ವಿದ್ಯುತ್ ವ್ಯವಸ್ಥೆಯನ್ನು ಕಟ್ಟಿದ್ದು ಎಂಜಿನ್ ಎಬ್ಬಿಸಲು, ಕಿಡಿ ಹಾರಿಸಲು, ದೀಪ ಉರಿಸಲು. ಸದ್ದಿಗೆ ಬೇಕಾಗುವ ಕರೆಂಟನ್ನು ಆ ಲೆಕ್ಕದಲ್ಲಿ ಯಾರೂ ಸೇರಿಸಿರಲಿಲ್ಲ. ಆ ಕೊರತೆಯೇ ತಲೆಮಾರಿನಿಂದ ತಲೆಮಾರಿಗೆ ವೇಷ ಬದಲಿಸಿಕೊಂಡು ಬಂದಿದೆ ಎಂಬುದು ನನ್ನ ವಾದ.

1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಎಲೆಕ್ಟ್ರಿಕ್ ಸ್ಟಾರ್ಟರ್ ಕೊಟ್ಟ ಮೇಲೆ ಬ್ಯಾಟರಿ ಮತ್ತು ಡೈನಮೊ ಕಾರಿನ ಅಂಗಗಳಾದವು. ಮುಂದೆ 6 ವೋಲ್ಟ್ ರೂಢಿಯಾಯಿತು. ತಂತಿ ಉಳಿಸಲು ಬ್ಯಾಟರಿಯ ಒಂದು ತುದಿಯನ್ನು ಕಾರಿನ ಉಕ್ಕಿನ ಮೈಗೇ ಕಟ್ಟಿದರು. ದೀಪಕ್ಕೆ ಹೋಗುವ ಕರೆಂಟಿಗೆ ತಾಮ್ರದ ದಾರಿ, ಹಿಂದಿರುಗುವ ಕರೆಂಟಿಗೆ ಬಾಡಿಯೇ ದಾರಿ. ಇಂಥ ಕಾರಿನೊಳಗೆ ರೇಡಿಯೊ ಕೂರಿಸಿದಾಗ ಮೊದಲ ತೊಡಕು ಎದುರಾಯಿತು. ವಾಲ್ವ್ ರೇಡಿಯೊಗೆ ನೂರಾರು ವೋಲ್ಟ್ ಬೇಕು, ಕಾರಿನಲ್ಲಿ ಇರುವುದು ಆರು. ಆರಂಭದಲ್ಲಿ ಪ್ರತ್ಯೇಕ ಒಣ ಬ್ಯಾಟರಿಗಳನ್ನು ಸೀಟಿನಡಿ ಹೊತ್ತು ತಿರುಗಿದರು. ಬಳಿಕ ವೈಬ್ರೇಟರ್ ಬಂತು: ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಬಡಿದುಕೊಳ್ಳುವ ಲೋಹದ ನಾಲಗೆಯೊಂದು ಬ್ಯಾಟರಿಯ ಕರೆಂಟನ್ನು ಕತ್ತರಿಸಿ, ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಿತ್ತು. 1930ರಲ್ಲಿ ಷಿಕಾಗೋದ ಗ್ಯಾಲ್ವಿನ್ ಕಂಪನಿ ಮೊಟೊರೊಲಾ ಹೆಸರಿನ ಕಾರ್ ರೇಡಿಯೊ ಮಾರಲು ತೊಡಗಿದಾಗ ಅದು ಕಾರಿನ ಜೊತೆ ಬರುವ ವಸ್ತುವಾಗಿರಲಿಲ್ಲ, ಹೊರಗಿನಿಂದ ಹಾಕಿಸಿಕೊಳ್ಳುವಂಥದ್ದು. ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ರೇಡಿಯೊದಲ್ಲಿ ಚಟಪಟ ಕೇಳುತ್ತಿದ್ದುದರಿಂದ ಪ್ಲಗ್ಗುಗಳಿಗೆ, ಡಿಸ್ಟ್ರಿಬ್ಯೂಟರಿಗೆ, ಡೈನಮೊಗೆ ಒಂದೊಂದಾಗಿ ಸಪ್ರೆಸರ್ ಹಾಕಬೇಕಿತ್ತು. ಇಂದಿನ ಕುಂಯ್ ಸದ್ದಿನ ಪೂರ್ವಜರು ಆಗಲೇ ಹಾಜರಿದ್ದರು ಎಂದ ಮೇಲೆ ದೋಷವನ್ನು ಆಂಪಿನೊಂದಿಗೆ ಹುಟ್ಟಿದ್ದೆಂದು ಹೇಗೆ ಹೇಳುವುದು?

ಇಲ್ಲೊಂದು ಆಕ್ಷೇಪ ನ್ಯಾಯವಾದದ್ದು. ಅಮೆರಿಕದ ಕಾರುಗಳು 1950ರ ದಶಕದಲ್ಲಿ 6 ವೋಲ್ಟಿನಿಂದ 12ಕ್ಕೆ ಹೋದದ್ದು ರೇಡಿಯೊಗಾಗಿ ಅಲ್ಲ, ಹೆಚ್ಚಿನ ಒತ್ತಡದ ದೊಡ್ಡ ವಿ8 ಎಂಜಿನ್ನುಗಳನ್ನು ತಿರುಗಿಸಲು. 1960ರಲ್ಲಿ ಕ್ರೈಸ್ಲರ್ ತನ್ನ ವ್ಯಾಲಿಯಂಟ್ ಕಾರಿನಲ್ಲಿ ಡೈನಮೊ ಬದಲು ಆಲ್ಟರ್ನೇಟರ್ ತಂದದ್ದೂ ಹಾಡಿಗಾಗಿ ಅಲ್ಲ. ಅದು ನಿಜ, ಮತ್ತು ನನ್ನ ವಾದಕ್ಕೆ ಅದೇ ಬಲ. ಮೂಲವನ್ನು ಹಿಗ್ಗಿಸಿದ್ದು ಬೇರೆ ಕಾರಣಕ್ಕೆ. ಹಿಗ್ಗಿದಾಗ ಸಿಕ್ಕ ಮಿಗತೆಯಲ್ಲಿ ಸಂಗೀತ ಬದುಕಿತು. ಟ್ರಾನ್ಸಿಸ್ಟರ್ ರೇಡಿಯೊ ಬಂದು ಹಸಿವು ತಗ್ಗಿದ್ದರಿಂದ ಸ್ವಲ್ಪ ಕಾಲ ಎಲ್ಲವೂ ಹೊಂದಿಕೊಂಡಂತೆ ಕಂಡಿತು. ಹಾಗಿದ್ದೂ ಬಾಡಿಯ ದಾರಿ ತನ್ನ ತಕರಾರು ಬಿಡಲಿಲ್ಲ. ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿ ಬಾಡಿಗೆ ಕಟ್ಟುವ ಪದ್ಧತಿ 1960ರ ದಶಕದವರೆಗೂ ಉಳಿದಿತ್ತು. ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ನಮ್ಮ ಅಂಬಾಸಡರ್ ಕೂಡ ಆ ವಂಶದ್ದೇ. ನೆಗೆಟಿವ್ ಅರ್ತ್‌ಗೆ, ಎಂದರೆ ನೆಗೆಟಿವ್ ತುದಿ ಬಾಡಿಗೆ ಕಟ್ಟುವ ಪದ್ಧತಿಗೆ, ಮಾಡಿದ ರೇಡಿಯೊದ ಲೋಹದ ಡಬ್ಬಿ ಅಂಥ ಕಾರಿನ ಮೈಗೆ ತಾಗಿದರೆ ಫ್ಯೂಸ್ ಹೋಗುವುದು ಅದೃಷ್ಟ, ಟ್ರಾನ್ಸಿಸ್ಟರ್ ಸುಡುವುದು ದುರದೃಷ್ಟ.

ನಿಜವಾದ ತಿರುವು ಬಂದದ್ದು 1970ರ ದಶಕದಲ್ಲಿ. ಅರಿಜೋನಾದ ಜಿಮ್ ಫಾಸ್‌ಗೇಟ್‌ರಂಥವರು ಕಾರಿಗೆಂದೇ ದೊಡ್ಡ ಆಂಪ್ಲಿಫೈಯರ್ ಮಾಡತೊಡಗಿದರು. ಆಲ್ಟರ್ನೇಟರ್ ಕೊಡುವ 14 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ನೇರವಾಗಿ ಎಷ್ಟೇ ಜಾಣತನದಿಂದ ಕೊಟ್ಟರೂ ಶುದ್ಧ ಸದ್ದಾಗಿ ಸುಮಾರು 25 ವಾಟ್‌ಗಿಂತ ಹೆಚ್ಚು ಸಿಗದು. ಗಣಿತ ಅಲ್ಲಿಗೇ ನಿಲ್ಲುತ್ತದೆ. ಹೆಚ್ಚು ಬೇಕಾದರೆ ಆಂಪಿನೊಳಗೇ ವೋಲ್ಟೇಜ್ ಏರಿಸುವ ಕನ್ವರ್ಟರ್ ಬೇಕು. ಹಳೆಯ ವೈಬ್ರೇಟರ್ ಹೀಗೆ ಟ್ರಾನ್ಸಿಸ್ಟರ್ ರೂಪದಲ್ಲಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಸ್ವಿಚ್ ಆಗುತ್ತ ಮರಳಿ ಬಂತು. 500 ವಾಟ್ ನಿಜವಾಗಿ ಕೊಡುವ ಹಳೆಯ ಬಗೆಯ ಆಂಪ್ ತನ್ನ ಉತ್ತುಂಗದಲ್ಲಿ 65 ಆಂಪಿಯರ್ ಆಸುಪಾಸು ಎಳೆಯುತ್ತದೆ. ಸಣ್ಣ ಕಾರೊಂದರ ಆಲ್ಟರ್ನೇಟರ್ ಪೂರ್ಣ ವೇಗದಲ್ಲೂ ಸುಮಾರಾಗಿ ಅಷ್ಟನ್ನೇ ಕೊಡುವುದು, ಸಿಗ್ನಲ್ಲಿನಲ್ಲಿ ನಿಂತಾಗ ಅದಕ್ಕಿಂತ ಬಹಳ ಕಡಿಮೆ. ಸಂಗೀತದ ಸರಾಸರಿ ಬೇಡಿಕೆ ಇದರಲ್ಲೊಂದು ಪಾಲು ಮಾತ್ರ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಆದರೆ ಹೆಡ್‌ಲೈಟಿಗೆ ಸರಾಸರಿ ಗೊತ್ತಿಲ್ಲ. ಬಾಸ್ ಬಡಿದ ಕ್ಷಣದಲ್ಲಿ ಆಲ್ಟರ್ನೇಟರ್ ಸೋತು 14 ವೋಲ್ಟ್ ಇದ್ದದ್ದು ಬ್ಯಾಟರಿಯ ಹನ್ನೆರಡೂವರೆಗೆ ಕುಸಿಯುತ್ತದೆ; ಫಿಲಮೆಂಟ್ ಬಲ್ಬಿಗೆ ಹತ್ತನೇ ಒಂದು ಪಾಲು ವೋಲ್ಟೇಜ್ ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತು ಪಾಲು ಇಳಿಯುತ್ತದೆ. ಇದಕ್ಕೆ ಮದ್ದೆಂದು ಮಾರುವ 1 ಫ್ಯಾರಡ್ ಕೆಪಾಸಿಟರ್, 14ರಿಂದ 12 ವೋಲ್ಟಿಗೆ ಇಳಿಯುವಾಗ ಕೊಡುವುದು 26 ಜೂಲ್. ಅಂಥ ಆಂಪಿಗೆ ಅದು ಸೆಕೆಂಡಿನ ಮೂವತ್ತನೇ ಒಂದು ಪಾಲಿನಷ್ಟು ಹೊತ್ತಿನ ಊಟ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಹಾಗಾದರೆ ಎಲ್ಲವೂ ಫಿಟ್ಟರನ ತಪ್ಪು ಎನ್ನುವ ಮಾತು? ಭಾರತದಲ್ಲಿ 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಕಡಿಮೆ ಬೆಲೆಯ ಮಾದರಿಗಳು ಸ್ಟೀರಿಯೊ ಇಲ್ಲದೆಯೇ ಮನೆಗೆ ಬರುತ್ತಿದ್ದವು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಗಳಲ್ಲಿ ಬೆಳೆದ ಕಾರ್ ಅಲಂಕಾರದ ಕಸುಬು ತಯಾರಕರು ಬಿಟ್ಟ ಜಾಗವನ್ನು ತುಂಬಿತು. ಆ ಕೈಗಳು ಎದುರಿಸಿದ್ದು ಪುಸ್ತಕದಲ್ಲಿ ಬರೆಯದ ಕೆಲಸವನ್ನು. ಪಾಸಿಟಿವ್ ತಂತಿ ದಪ್ಪಗಿರಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು ಎಂಬುದನ್ನು ಎಲ್ಲರೂ ಬೇಗ ಕಲಿತರು. ಹಿಂದಿರುಗುವ ದಾರಿಯನ್ನು ಮಾತ್ರ ಬಾಡಿಗೆ ಬಿಟ್ಟರು, ಏಕೆಂದರೆ ಕಾರು ಮಾಡಿದವರೂ ಮೊದಲಿನಿಂದ ಹಾಗೆಯೇ ಬಿಟ್ಟಿದ್ದರು. ಬಣ್ಣ ಕೆರೆಯದೆ ಬಿಗಿದ ಒಂದು ಸ್ಕ್ರೂ ನೂರನೇ ಒಂದು ಓಮ್ ಅಡ್ಡಿ ಒಡ್ಡಿದರೆ ಸಾಕು, 65 ಆಂಪಿಯರ್ ಹರಿವಾಗ ಅರ್ಧ ವೋಲ್ಟಿಗೂ ಹೆಚ್ಚು ಅಲ್ಲೇ ಬೀಳುತ್ತದೆ. ಡ್ಯಾಶಿನಲ್ಲಿ ಅರ್ತ್ ಆದ ಸ್ಟೀರಿಯೊಗೂ ಡಿಕ್ಕಿಯಲ್ಲಿ ಅರ್ತ್ ಆದ ಆಂಪಿಗೂ ನಡುವಿನ ಕೆಲವೇ ಮಿಲಿವೋಲ್ಟ್ ವ್ಯತ್ಯಾಸ ಆಡಿಯೊ ಕೇಬಲ್ಲಿನ ಹೊರಬಲೆಯಲ್ಲಿ ಹರಿದು, ಆಲ್ಟರ್ನೇಟರಿನ ಏರಿಳಿತ ಹಾಡಿನೊಳಗೆ ಕೇಳುತ್ತದೆ. ಅವಸರದ ಕೆಲಸಕ್ಕೆ ಕ್ಷಮೆಯಿಲ್ಲ: ಆಂಪನ್ನು ಎಬ್ಬಿಸುವ ರಿಮೋಟ್ ವೈರನ್ನು ಸದಾ ಕರೆಂಟಿರುವ ತಂತಿಗೆ ಸೇರಿಸಿದರೆ ಸುಮ್ಮನಿರುವ ಆಂಪ್ ಗಂಟೆಗೆ ಒಂದು ಆಂಪಿಯರ್-ಅವರ್ ತಿಂದು, 35 ಆಂಪಿಯರ್-ಅವರ್ ಬ್ಯಾಟರಿಯನ್ನು ಒಂದೆರಡು ದಿನದಲ್ಲಿ ಮಲಗಿಸುತ್ತದೆ. ಅದು ಫಿಟ್ಟರನದೇ ತಪ್ಪು. ದೀಪ ಮಂಕಾಗುವುದು ಅವನದಲ್ಲ.

ಈಗಿನ ಕ್ಲಾಸ್ ಡಿ ಆಂಪುಗಳು ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಸ್ಪೀಕರಿಗೆ ತಲುಪಿಸುವುದರಿಂದ ಈ ಚರ್ಚೆ ಹಳತಾಯಿತು ಎನ್ನುವುದು ಕೊನೆಯ ಆಕ್ಷೇಪ. ಬೇಡಿಕೆ ತಗ್ಗಿದ್ದು ದಿಟ. ಆದರೆ ಅದೇ ಹೊತ್ತಿಗೆ ಕಾರು ಇನ್ನಷ್ಟು ಬಿಗಿಯಾದ ಲೆಕ್ಕದ ಮೇಲೆ ನಿಂತಿದೆ. ಇಂಧನ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರಿನ ವೋಲ್ಟೇಜನ್ನು ಏರಿಸಿ ಇಳಿಸುತ್ತದೆ. ಅನೇಕ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಕುಳಿತ ಸೆನ್ಸರ್ ಒಳಹೊರಹೋಗುವ ಕರೆಂಟನ್ನು ಎಣಿಸುತ್ತದೆ. ಒಳ್ಳೆಯ ಅರ್ತ್ ಬೇಕೆಂದು ಆಂಪಿನ ತಂತಿಯನ್ನು ನೇರ ಬ್ಯಾಟರಿಯ ಆ ತುದಿಗೆ ಕಟ್ಟಿದರೆ ಆಂಪ್ ಎಳೆದದ್ದು ಸೆನ್ಸರಿನ ಎಣಿಕೆಗೆ ಸಿಗದೆ ಬ್ಯಾಟರಿ ಹಸಿದೇ ಉಳಿಯುತ್ತದೆ. ಹಳೆಯ ಕಾರಿಗೆ ಸರಿಯಾಗಿದ್ದ ಮದ್ದು ಹೊಸದಕ್ಕೆ ರೋಗ. ಎಲೆಕ್ಟ್ರಿಕ್ ಕಾರಿನಲ್ಲಿ ಆಲ್ಟರ್ನೇಟರೇ ಇಲ್ಲ. ದೊಡ್ಡ ಬ್ಯಾಟರಿಯಿಂದ ಕನ್ವರ್ಟರ್ ಮೂಲಕ 12 ವೋಲ್ಟಿನ ಪುಟ್ಟ ಬ್ಯಾಟರಿ ತುಂಬುತ್ತದೆ, ಮತ್ತು ದೊಡ್ಡ ಬ್ಯಾಟರಿಯನ್ನು ಮೋಟರಿಗೆ ಜೋಡಿಸುವ ಕಾಂಟ್ಯಾಕ್ಟರುಗಳು ಮುಚ್ಚಿಕೊಳ್ಳುವುದು ಆ ಪುಟ್ಟ ಬ್ಯಾಟರಿಯ ಬಲದಿಂದಲೇ. ಡಿಕ್ಕಿಯಲ್ಲಿ ಕುಳಿತ ಆಂಪ್ ಅದನ್ನು ರಾತ್ರಿಯಿಡೀ ಹೀರಿದರೆ, ನೂರಾರು ಕಿಲೋಮೀಟರ್ ಓಡುವಷ್ಟು ವಿದ್ಯುತ್ತು ಕೆಳಗೆ ತುಂಬಿಕೊಂಡಿದ್ದರೂ ಕಾರು ಬೆಳಿಗ್ಗೆ ಕದಲುವುದಿಲ್ಲ.