ಗಡಿನಾಡಿನ ಮಕ್ಕಳು ಮತ್ತು ಇಂಗ್ಲಿಷ್ ಉಪವಾಕ್ಯ: ಒಂದು ಹಿನ್ನೋಟ



ನಾನು ಸೇವೆಯಲ್ಲಿದ್ದಾಗ ಇಚಲಕರಂಜಿಯ ಮಗ್ಗದ ಕೆಲಸಗಾರರೊಬ್ಬರು ಮಗನ ಇಂಗ್ಲಿಷ್ ಉತ್ತರಪತ್ರಿಕೆ ಹಿಡಿದು ಬಂದಿದ್ದರು. ‘ಐ ನೋ ವೇರ್ ಡಸ್ ಹೀ ಲಿವ್’ ಎಂಬ ವಾಕ್ಯದ ಕೆಳಗೆ ಕೆಂಪು ಗೆರೆಯಿತ್ತು. "ಕನ್ನಡ ಸಾಲಿಗೆ ಹಾಕಿದ್ದ ತಪ್ಪಾತ್ರಿ ಸರ್. ದಾಖಲಾ ಕೊಡ್ರಿ, ಮರಾಠಿ ಸಾಲಿಗೆ ಹಾಕ್ತೀನಿ" ಎಂದರು. ಅಂದು ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ, ದಾಖಲಾ ಬರೆದುಕೊಟ್ಟೆ. ಆ ಉತ್ತರವನ್ನು ಈಗ, ತಡವಾಗಿಯಾದರೂ, ಬರೆಯುತ್ತಿದ್ದೇನೆ.

ವ್ಯಾಕರಣವು ನಮ್ಮ ಸೀಮೆಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಗಡಹಿಂಗ್ಲಜದ ನೆರೆಯ ಆಜರೆಯಲ್ಲಿ, ಶಿಲಾಹಾರ ಎರಡನೆಯ ಭೋಜನ ಕಾಲದಲ್ಲಿ, 1205ರಲ್ಲಿ, ಸೋಮದೇವನೆಂಬ ಜೈನ ವಿದ್ವಾಂಸನು ಜೈನೇಂದ್ರ ವ್ಯಾಕರಣಕ್ಕೆ ‘ಶಬ್ದಾರ್ಣವಚಂದ್ರಿಕೆ’ ಎಂಬ ವ್ಯಾಖ್ಯಾನವನ್ನು ಸಂಸ್ಕೃತದಲ್ಲಿ ರಚಿಸಿದನು. ಅದೇ ಶತಮಾನದಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ ಹುಟ್ಟಿತು. ಆದರೆ ಈ ಪರಂಪರೆಯ ಮುಖ್ಯ ಗಮನ ಪದರಚನೆಯ ಮೇಲೆ: ಸಂಧಿ, ಸಮಾಸ, ತದ್ಧಿತ, ಆಖ್ಯಾತ. ವಾಕ್ಯವನ್ನು ಬಿಡಿಸಿ, ಇದು ನೌನ್ ಕ್ಲಾಜ್, ಇದು ಅಡ್ಜೆಕ್ಟಿವ್ ಕ್ಲಾಜ್ ಎಂದು ಹೆಸರಿಡುವ ಪಾಠವು ಇಂಗ್ಲಿಷ್ ಶಾಲೆಗಳೊಡನೆ ಬಂದಿತು. ನೆಸ್‌ಫೀಲ್ಡರ ಪುಸ್ತಕಗಳು, ಆಮೇಲೆ 1930ರ ದಶಕದ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕ ಅದನ್ನು ಮನೆಮಾತಾಗಿಸಿದವು. ನಾವೂ ಅದನ್ನೇ ಉರು ಹೊಡೆದವರು. ನಮ್ಮ ಮಾತಿನಲ್ಲಿ ಆ ಉಪವಾಕ್ಯ ಹೇಗಿರುತ್ತದೆ ಎಂದು ಯಾರೂ ಕೇಳಲಿಲ್ಲ.

ಕೇಳಿದವರೊಬ್ಬರು ರಾಬರ್ಟ್ ಕಾಲ್ಡ್‌ವೆಲ್. 1856ರ ತಮ್ಮ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಅವರು, ಇಂಗ್ಲಿಷಿನ ‘ಹೂ’, ‘ವಿಚ್’ಗಳ ಕೆಲಸವನ್ನು ಈ ಭಾಷೆಗಳಲ್ಲಿ ಕೃದಂತವು ಮಾಡುತ್ತದೆ ಎಂಬುದನ್ನು ವಿವರಿಸಿದರು. ‘ನಿನ್ನೆ ಬಂದ ಹುಡುಗ’ ಎಂದರೆ ಮುಗಿಯಿತು. ‘ಯಾವ ಹುಡುಗ ಬಂದನೋ ಅವನು’ ಎಂದು ಸುತ್ತಬೇಕಾಗಿಲ್ಲ. ಮರಾಠಿಗೆ ‘ಜೋ–ತೋ’ ಜೋಡಿಯಿದೆ, ‘ಆಲೇಲಾ ಮುಲಗಾ’ ಎಂಬ ಕೃದಂತದ ದಾರಿಯೂ ಇದೆ. ಭಾಷೆಗಳು ಅಕ್ಕಪಕ್ಕದಲ್ಲಿ ಬಾಳಿದರೆ ಇಂಥ ಚೌಕಟ್ಟುಗಳೂ ಒಂದನ್ನೊಂದು ಹೋಲತೊಡಗುತ್ತವೆ. ನಮ್ಮ ನೆರೆಯ ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತುಗಳು ಶಬ್ದದಲ್ಲಿ ಬೇರೆಯಾದರೂ ವಾಕ್ಯರಚನೆಯಲ್ಲಿ ಬಹುಮಟ್ಟಿಗೆ ಒಂದಾಗಿವೆ ಎಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನವು ಜಗತ್ತಿನ ಭಾಷಾವಿಜ್ಞಾನಿಗಳಿಗೆಲ್ಲ ಪರಿಚಿತ. ನಮ್ಮ ಶಿಕ್ಷಕರಿಗೆ ಅದು ಪರಿಚಿತವಲ್ಲ, ಅದೇ ಸೋಜಿಗ.

ಈಗ ಆ ಕೆಂಪು ಗೆರೆಗೆ ಬರೋಣ. ‘ಅವನು ಎಲ್ಲಿ ಇರುತ್ತಾನೆ?’ ಎಂಬುದು ಪ್ರಶ್ನೆ. ‘ಅವನು ಎಲ್ಲಿ ಇರುತ್ತಾನೆ ಎಂಬುದು ನನಗೆ ಗೊತ್ತು’ ಎಂದಾಗ ಒಳಗಿನ ಪ್ರಶ್ನೆ ಒಂದಿನಿತೂ ಕದಲುವುದಿಲ್ಲ. ಮಗು ಇಂಗ್ಲಿಷಿನಲ್ಲೂ ಹಾಗೆಯೇ ಇಡೀ ಪ್ರಶ್ನೆಯನ್ನು ಎತ್ತಿ ತಂದಿತು. ಇಂಗ್ಲಿಷ್ ಮಾತ್ರ ಪ್ರಶ್ನೆಯು ನೌನ್ ಕ್ಲಾಜ್ ಆದೊಡನೆ ‘ಡಸ್’ ಕಳಚಿ, ಕರ್ತೃವನ್ನು ಮುಂದಿಡುತ್ತದೆ: ‘ಐ ನೋ ವೇರ್ ಹೀ ಲಿವ್ಸ್’. ಮರಾಠಿಯಲ್ಲಿಯೂ ‘ತೋ ಕುಠೇ ರಾಹತೋ ಹೇ ಮಲಾ ಮಾಹೀತ ಆಹೇ’ ಎಂದೇ ಹೇಳುತ್ತಾರೆ. ಪ್ರಶ್ನೆ ಅಲ್ಲಿಯೂ ಕದಲದು. ಅಂದರೆ ಶಾಲೆಯ ಮಾಧ್ಯಮ ಬದಲಿಸಿದರೂ ಆ ಹುಡುಗನ ತಪ್ಪು ಅವನ ಹಿಂದೆಯೇ ಹೋಗುತ್ತಿತ್ತು.

ಅಡ್ಜೆಕ್ಟಿವ್ ಕ್ಲಾಜಿನಲ್ಲಿ ಕನ್ನಡವು ನೆರವಿಗೇ ಬರುತ್ತದೆ. ‘ಯಾವ ಪುಸ್ತಕ ಕೊಂಡೆನೋ ಅದು ಕಳೆದಿದೆ’ ಎಂದು ಯೋಚಿಸಿದವನು ‘ದಿ ಬುಕ್ ವಿಚ್ ಐ ಬಾಟ್, ಇಟ್ ಈಸ್ ಲಾಸ್ಟ್’ ಎಂದು ಬರೆದಾನು. ‘ನಾನು ಕೊಂಡ ಪುಸ್ತಕ ಕಳೆದಿದೆ’ ಎಂದು ಹೊರಟವನಿಗೆ ಆ ‘ಇಟ್’ ಬರೆಯುವ ಪ್ರಸಂಗವೇ ಇಲ್ಲ. ಅವನು ಮಾಡಬೇಕಾದದ್ದು ಕೊನೆಯ ನಾಮಪದವನ್ನು ಮುಂದಕ್ಕೆ ತಂದು, ‘ವಿಚ್’ ಇಟ್ಟು, ಉಳಿದದ್ದನ್ನು ಹಿಂದೆ ಜೋಡಿಸುವುದು ಮಾತ್ರ: ‘ದಿ ಬುಕ್ ವಿಚ್ ಐ ಬಾಟ್ ಈಸ್ ಲಾಸ್ಟ್’.

ಇನ್ನೊಂದು ತೊಡಕು ‘ದ್ಯಾಟ್’. ‘ದಿ ನ್ಯೂಸ್ ದ್ಯಾಟ್ ಹೀ ಕೇಮ್’, ‘ದಿ ನ್ಯೂಸ್ ದ್ಯಾಟ್ ಹೀ ಬ್ರಾಟ್’: ಎರಡಕ್ಕೂ ಒಂದೇ ವೇಷ. ಯಾವುದು ನೌನ್ ಕ್ಲಾಜ್, ಯಾವುದು ಅಡ್ಜೆಕ್ಟಿವ್ ಕ್ಲಾಜ್ ಎಂದು ಕಾಲೇಜಿನ ಹುಡುಗರೂ ತಡವರಿಸುತ್ತಾರೆ. ಕನ್ನಡಕ್ಕೆ ತಿರುಗಿಸಿ ನೋಡಿ. ‘ಅವನು ಬಂದನೆಂಬ ಸುದ್ದಿ’, ‘ಅವನು ತಂದ ಸುದ್ದಿ’. ‘ಎಂಬ’ ಬಂದರೆ ನೌನ್ ಕ್ಲಾಜ್. ಬರಿಯ ಕೃದಂತವಾದರೆ ಅಡ್ಜೆಕ್ಟಿವ್ ಕ್ಲಾಜ್. ನಾನು ನಿವೃತ್ತಿಗೆ ಹತ್ತಿರವಾದಾಗ ಇದನ್ನು ತರಗತಿಯಲ್ಲಿ ಬಳಸತೊಡಗಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಸರ್, ಇದು ನಮಗ ಮೊದಲ ಬರ್ತಿತ್ತಲ್ರಿ" ಎಂದಳು.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳಿಗೆ ಹೇಳುತ್ತದೆ. ಸೌಕರ್ಯ ಎಷ್ಟು ದೊರಕಿದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ದಾಖಲಾ ಕೇಳಲು ಹೊರಡುವ ಮುನ್ನ ಮಗುವಿನ ಇಂಗ್ಲಿಷ್ ವಹಿಯನ್ನು ಒಮ್ಮೆ ತೆರೆಯಿರಿ. ಕೆಂಪು ಗೆರೆಯ ವಾಕ್ಯವನ್ನು ಅದರ ಬಾಯಿಂದಲೇ ಕನ್ನಡದಲ್ಲಿ ಹೇಳಿಸಿರಿ. ಅಲ್ಲಿ ‘ಎಂಬುದು’ ಬಂತೋ, ‘ಎಂಬ’ ಬಂತೋ, ‘ಬಂದ’, ‘ಕೊಂಡ’ಗಳಂಥ ಕೃದಂತ ಬಂತೋ ಎಂದು ಅದನ್ನೇ ಕೇಳಿರಿ.