ಹಸಿ ಬಣ್ಣದ ಮೇಷ್ಟ್ರು

ಮೊದಲು ಕ್ಯಾನ್ವಾಸಿನ ತುಂಬ ತೆಳುವಾಗಿ ಬಿಳಿ ಎಣ್ಣೆಬಣ್ಣ ಬಳಿಯಬೇಕು. ಅದು ಆರುವ ಮುನ್ನ ಆಕಾಶ, ಆಕಾಶ ಆರುವ ಮುನ್ನ ಬೆಟ್ಟ, ಬೆಟ್ಟ ಆರುವ ಮುನ್ನ ಮರ. ಎಣ್ಣೆಬಣ್ಣದ ಒಂದು ಪದರ ಒಣಗುವುದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಹಾಗೆ ಕಾಯುತ್ತ ಕೂರದೆ, ಹಸಿಯ ಮೇಲೆ ಹಸಿ ಹಚ್ಚಿ, ಅರ್ಧ ಗಂಟೆಯೊಳಗೆ ಹಿಮಬೆಟ್ಟವನ್ನೂ ಅದರ ಕೆಳಗಿನ ಕೊಳವನ್ನೂ ಮುಗಿಸಿಬಿಡುತ್ತಿದ್ದವರು ಅಮೆರಿಕದ ಬಾಬ್ ರಾಸ್. ಅವರ 'ದ ಜಾಯ್ ಆಫ್ ಪೇಂಟಿಂಗ್' ಅಲ್ಲಿನ ಸಾರ್ವಜನಿಕ ಟಿ.ವಿ. ವಾಹಿನಿಗಳಲ್ಲಿ 1983ರ ಜನವರಿ 11ರಿಂದ 1994ರ ಮೇ 17ರವರೆಗೆ 403 ಕಂತುಗಳಲ್ಲಿ ಬಂತು.

ಈ ವಿಧಾನ ಅವರು ಕಂಡುಹಿಡಿದದ್ದಲ್ಲ. 17ನೇ ಶತಮಾನದ ಡಚ್ ಕಲಾವಿದ ಫ್ರಾನ್ಸ್ ಹಾಲ್ಸ್‌ಗೂ ಅದು ಗೊತ್ತಿತ್ತು. 1841ರಲ್ಲಿ ತವರದ ಟ್ಯೂಬು ಬಂದು, ಬಣ್ಣವನ್ನು ಬಯಲಿಗೆ ಒಯ್ಯುವುದು ಸುಲಭವಾದ ಮೇಲೆ, ಇಂಪ್ರೆಷನಿಸ್ಟರು ಬೆಳಕು ಜಾರುವುದರೊಳಗೆ ಚಿತ್ರ ಮುಗಿಸಲು ಇದನ್ನೇ ನೆಚ್ಚಿದರು. ಟಿ.ವಿ.ಯಲ್ಲಿ ಇದನ್ನು ಮನೆಮಾತಾಗಿಸಿದವರು ಜರ್ಮನ್ ಮೂಲದ ಬಿಲ್ ಅಲೆಕ್ಸಾಂಡರ್. ಅವರ ಕಾರ್ಯಕ್ರಮ 1974ರಲ್ಲೇ ಶುರುವಾಗಿತ್ತು. ಅಲಾಸ್ಕಾದ ಒಂದು ಬಾರಿನಲ್ಲಿ, ಅಲ್ಲೇ ಬಿಡುವಿನ ವೇಳೆ ಕೆಲಸ ಮಾಡುತ್ತಿದ್ದ ವಾಯುಪಡೆಯ ಸಾರ್ಜೆಂಟ್ ಒಬ್ಬ ಅದನ್ನು ಕಂಡು ಬೆರಗಾದ. ರಾಸ್ ಚಿತ್ರಕಾರನಾದದ್ದು ಹೀಗೆ.

ಫ್ಲಾರಿಡಾದಲ್ಲಿ ಬಡಗಿಯ ಮಗನಾಗಿ 1942ರಲ್ಲಿ ಹುಟ್ಟಿದವರು ರಾಸ್. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಮರಗೆಲಸಕ್ಕೆ ನಿಂತರು. ಆ ಕೆಲಸದಲ್ಲೇ ಎಡಗೈ ತೋರುಬೆರಳಿನ ತುದಿ ಹೋಯಿತು. ಪ್ಯಾಲೆಟ್ ಹಿಡಿಯುತ್ತಿದ್ದದ್ದು ಅದೇ ಕೈಯಲ್ಲಿ. ಹಿಮವನ್ನು ಅವರು ಕಂಡದ್ದೇ ಅಲಾಸ್ಕಾದ ಐಲ್ಸನ್ ವಾಯುನೆಲೆಗೆ ಹೋದ ಮೇಲೆ. ಚಿನ್ನ ಜಾಲಿಸುವ ತಟ್ಟೆಗಳ ಮೇಲೆ ಆ ಹಿಮಬೆಟ್ಟಗಳನ್ನೇ ಬರೆದು ಪ್ರವಾಸಿಗರಿಗೆ ಮಾರುತ್ತಿದ್ದರು. ಕೆಳಗಿನವರ ಮೇಲೆ ಕೂಗಾಡುವುದೇ ಸಾರ್ಜೆಂಟನ ಕೆಲಸ. ಸೇನೆ ಬಿಟ್ಟ ಮೇಲೆ ಇನ್ನೆಂದೂ ದನಿ ಎತ್ತರಿಸಬಾರದೆಂದು ಅವರು ನಿಶ್ಚಯಿಸಿಕೊಂಡರು. ಟಿ.ವಿ.ಯಲ್ಲಿ ಲಕ್ಷಾಂತರ ಜನ ಕೇಳಿದ ಆ ತಗ್ಗಿದ ದನಿಯ ಹಿಂದೆ ಇಪ್ಪತ್ತು ವರ್ಷದ ಕೂಗಾಟದ ಬೇಸರವಿತ್ತು.

1981ರಲ್ಲಿ ನಿವೃತ್ತರಾದ ರಾಸ್ ಅಲೆಕ್ಸಾಂಡರರ ಕಂಪನಿಗಾಗಿ ಊರೂರು ಸುತ್ತಿ ಪಾಠ ಹೇಳಿದರು. ಮಗನನ್ನು ಅಪಘಾತದಲ್ಲಿ ಕಳೆದುಕೊಂಡು ಕುಗ್ಗಿಹೋಗಿದ್ದ ಆನೆಟ್ ಕೊವಾಲ್ಸ್ಕಿ ಅಲೆಕ್ಸಾಂಡರರ ಬಳಿ ಕಲಿಯಲು ಬಯಸಿದ್ದರು, ಸಿಕ್ಕಿದವರು ರಾಸ್. ಮುಂದೆ ಆನೆಟ್ ದಂಪತಿಯೇ ಅವರ ವ್ಯವಹಾರದ ಪಾಲುದಾರರಾದರು. ಗುರು ಅಲೆಕ್ಸಾಂಡರ್ ಮಾತ್ರ, ಶಿಷ್ಯ ತನ್ನನ್ನು ಮೀರಿ ಬೆಳೆದ ನೋವನ್ನು ಮರೆಯಲಿಲ್ಲ. ಅದರಲ್ಲಿ ನ್ಯಾಯವಿಲ್ಲದೆ ಇರಲಿಲ್ಲ.

ಎರಡನೇ ಸರಣಿಯಿಂದ ಚಿತ್ರೀಕರಣ ಇಂಡಿಯಾನಾದ ಮನ್ಸಿ ಎಂಬ ಸಣ್ಣ ಊರಿನಲ್ಲಿ ನಡೆಯಿತು. ಕಪ್ಪು ಪರದೆ, ಒಂದು ಈಸೆಲ್, ಒಬ್ಬ ಮನುಷ್ಯ, ಇಷ್ಟೇ. ಪ್ರತಿ ಚಿತ್ರವೂ ಮೂರು ಸಲ ಮೂಡುತ್ತಿತ್ತು: ನೋಡಿಕೊಳ್ಳಲು ಮೊದಲೇ ಬರೆದದ್ದೊಂದು, ಕ್ಯಾಮೆರಾದ ಮುಂದೆ ಒಂದು, ಪುಸ್ತಕಕ್ಕಾಗಿ ನಿಧಾನವಾಗಿ ಬರೆದದ್ದು ಇನ್ನೊಂದು. ಕಾರ್ಯಕ್ರಮಕ್ಕೆ ಅವರು ಸಂಭಾವನೆ ಪಡೆಯಲಿಲ್ಲ. ಆದಾಯ ಬಂದದ್ದು ಬಣ್ಣ, ಕುಂಚ, ಪುಸ್ತಕ ಮತ್ತು ತರಗತಿಗಳಿಂದ.

ಅದೇ ಎರಡನೇ ಸರಣಿಯ ಒಂದು ಕಂತನ್ನು ಮರೆಯುವಂತಿಲ್ಲ. ತನಗೆ ಬಣ್ಣಗುರುಡು, ಕಾಣುವುದೆಲ್ಲ ಬೂದು, ಹೀಗಾಗಿ ಚಿತ್ರ ಬರೆಯುವುದು ತನ್ನಿಂದಾಗದು ಎಂದು ಒಬ್ಬಾತ ರಾಸ್ ಬಳಿ ಹೇಳಿಕೊಂಡಿದ್ದ. ರಾಸ್ ಆ ದಿನ ಬೇರೆ ಬಣ್ಣವನ್ನೆಲ್ಲ ಬದಿಗಿಟ್ಟು, ಬೂದಿನ ಛಾಯೆಗಳಲ್ಲೇ ಒಂದು ಇಡೀ ಬೆಟ್ಟವನ್ನು ಬರೆದು ತೋರಿಸಿದರು. ಕಲಾವಿಮರ್ಶಕರು ಅವರ ಚಿತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ತಪ್ಪೆನ್ನಲಾಗದು: ಅವರು ಸ್ವತಃ ಬರೆದ 381 ಕಂತುಗಳ ಚಿತ್ರಗಳನ್ನು 2014ರಲ್ಲಿ ಒಬ್ಬ ಪತ್ರಕರ್ತ ಎಣಿಸಿದಾಗ, ನೂರಕ್ಕೆ 91ರಲ್ಲಿ ಒಂದಾದರೂ ಮರವಿತ್ತು, ಮನುಷ್ಯರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕುಂಚ ಹಿಡಿಯಲು ಹೆದರುವವನ ಕೈಗೆ ಕುಂಚ ಕೊಟ್ಟು ಧೈರ್ಯ ತುಂಬುವುದು ಬೇರೆಯದೇ ವಿದ್ಯೆ. ಅದರಲ್ಲಿ ಅವರಿಗೆ ಸಾಟಿಯಿರಲಿಲ್ಲ.

ಲಿಂಫೋಮಾ ಕ್ಯಾನ್ಸರ್‌ನಿಂದ 1995ರ ಜುಲೈ 4ರಂದು ತೀರಿಕೊಂಡಾಗ ಅವರಿಗೆ 52 ವರ್ಷ. ಹೆಸರು ಮತ್ತು ಮುಖ ಬಳಸುವ ಹಕ್ಕಿಗಾಗಿ ಮಗ ಸ್ಟೀವ್ ಮತ್ತು ಕೊವಾಲ್ಸ್ಕಿಯವರ ಕಂಪನಿಯ ನಡುವೆ ವ್ಯಾಜ್ಯ ನಡೆದು, 2019ರಲ್ಲಿ ತೀರ್ಪು ಕಂಪನಿಯ ಕಡೆಗಾಯಿತು. ಅದೇ ವರ್ಷ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಅವರ ಕೆಲವು ಚಿತ್ರಗಳನ್ನು ತನ್ನದಾಗಿಸಿಕೊಂಡಿತು.

2025ರಲ್ಲಿ ಅಮೆರಿಕ ಸರ್ಕಾರ ಸಾರ್ವಜನಿಕ ಪ್ರಸಾರದ ಅನುದಾನ ನಿಲ್ಲಿಸಿತು. ಸಣ್ಣ ಊರುಗಳ ವಾಹಿನಿಗಳಿಗೆ ನೆರವಾಗಲೆಂದು ರಾಸ್ ಅವರ 30 ಚಿತ್ರಗಳನ್ನು ಹರಾಜಿಗಿಡುವುದೆಂದು ತೀರ್ಮಾನವಾಯಿತು. ನವೆಂಬರಿನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮಾರಾಟವಾದ ಮೊದಲ ಮೂರಕ್ಕೇ ಆರು ಲಕ್ಷ ಡಾಲರಿಗೂ ಹೆಚ್ಚು ಹಣ ಬಂತು.